ಪರಭಾಷೆಗೆ ಎಷ್ಟು ಕಾಲ? — ಮಂಡ್ಯದ ಸೀಮೆಯ ಸಾಕ್ಷ್ಯ

ಪರದೇಶದ ಭಾಷೆಯೊಂದನ್ನು ಕಲಿಯಬೇಕೆಂದು ಸಂಕಲ್ಪಿಸಿದವರ ಮುಂದೆ ಎರಡು ಪ್ರಶ್ನೆಗಳು ನಿಲ್ಲುತ್ತವೆ. ಯಾವ ಭಾಷೆಯನ್ನು ಆರಿಸಿಕೊಳ್ಳಬೇಕು? ಅದು ವಶವಾಗಲು ಎಷ್ಟು ಕಾಲ ಹಿಡಿದೀತು? ಮೊದಲನೆಯ ಪ್ರಶ್ನೆಗೆ ಉತ್ತರ ಹೇಳುವವರು ಬೀದಿಗೊಬ್ಬರು ದೊರೆಯುತ್ತಾರೆ. ಎರಡನೆಯದಕ್ಕೆ ಉಳ್ಳದ್ದನ್ನು ಉಳ್ಳಂತೆ ಹೇಳುವವರು ವಿರಳ. ಆದರೂ ಇವೆರಡೂ ಒಂದೇ ಪ್ರಶ್ನೆಯ ಎರಡು ಮುಖಗಳು. ಕೊಡಬೇಕಾದ ಕಾಲವನ್ನು ಅರಿಯದೆ ಮಾಡಿದ ಆಯ್ಕೆ, ಬೆಲೆ ಕೇಳದೆ ಮಾಡಿದ ವ್ಯಾಪಾರದಂತೆ. ಈ ವಿಷಯವನ್ನು ವಿಚಾರಿಸುವುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಮದ್ದೂರು, ಮಂಡ್ಯ, ಮಳವಳ್ಳಿಗಳೂ ಅವುಗಳಿಗೆ ನೆರೆಯಾದ ಶ್ರೀರಂಗಪಟ್ಟಣವೂ ಸೇರಿದ ಈ ಸಣ್ಣ ಸೀಮೆಯಲ್ಲಿಯೇ, ಪರಭಾಷೆಯನ್ನು ಕಲಿತವರ, ಕಲಿಯದೆ ಕೆಟ್ಟವರ, ಅರ್ಧ ಕಲಿತು ಬಿಟ್ಟವರ ಸಾಕ್ಷ್ಯ ಬೇಕಾದಷ್ಟಿದೆ.

ಮೊದಲು ಕಲ್ಲಿನ ಸಾಕ್ಷ್ಯವನ್ನು ನೋಡೋಣ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ವೀರಗಲ್ಲು ಹಳಗನ್ನಡದ್ದು. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಯುದ್ಧದ ಸುದ್ದಿಯನ್ನೂ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪನ್ನೂ ಅದು ಒಂದೇ ಗೌರವದಿಂದ ಹೊತ್ತಿದೆ. ಅದಾದ ಅರ್ಧ ಶತಮಾನಕ್ಕೆ ಚೋಳರ ಅಧಿಕಾರವು ಕಾವೇರಿಯ ಈ ದಡಕ್ಕೆ ಬಂದಿತು. ಈ ಸೀಮೆಯ ದೇವಸ್ಥಾನಗಳ ಗೋಡೆಗಳ ಮೇಲೆ ತಮಿಳು ಶಾಸನಗಳು ಕಾಣಿಸಿಕೊಂಡವು. ಕನ್ನಡವನ್ನಾಡುವ ಊರಿನ ದೇವರ ದತ್ತಿಯನ್ನು ತಮಿಳಿನಲ್ಲಿ ಓದಿ ಹೇಳುವವರು ಬೇಕಾದರು. ಆ ಬಳಿಕ ಮೇಲುಕೋಟೆಯ ಶ್ರೀವೈಷ್ಣವರ ಮನೆಗಳಲ್ಲಿ ತಮಿಳು ಮನೆಮಾತಾಗಿ ನೆಲೆಸಿತು. ಹಾಗೆ ತಮಿಳು ಮನೆಮಾತಾಗಿದ್ದ ಮೇಲುಕೋಟೆಯಲ್ಲಿ ೧೯೦೫ರಲ್ಲಿ ಹುಟ್ಟಿದ ಪು. ತಿ. ನರಸಿಂಹಾಚಾರ್ಯರು ಕನ್ನಡದ ಶ್ರೇಷ್ಠ ಕವಿಗಳಲ್ಲಿ ಒಬ್ಬರಾದರು. ಇದರಿಂದ ತಿಳಿಯುವುದೇನೆಂದರೆ, ಪರಭಾಷೆಯೆಂಬ ಹೆಸರು ಭಾಷೆಯ ಮೈಮೇಲೆ ಬರೆದ ಗುರುತಲ್ಲ. ನಾವು ಅದರೊಡನೆ ಕಳೆದ ಕಾಲದ ಅಳತೆಯಷ್ಟೆ. ಸಾಕಷ್ಟು ತಲೆಮಾರುಗಳು ಕಳೆದರೆ ಪರಭಾಷೆಯೂ ಮನೆಯ ಜಗಲಿಗೆ ಬಂದು ಕುಳಿತುಕೊಳ್ಳುತ್ತದೆ.

ಆದರೆ ಎಲ್ಲರಿಗೂ ತಲೆಮಾರುಗಳಷ್ಟು ಪುರಸೊತ್ತು ಇರುವುದಿಲ್ಲ. ರಾಜ್ಯಕಾರ್ಯಕ್ಕಾಗಿ ಕಲಿಯುವವನಿಗೆ ವರ್ಷಗಳ ಅವಧಿ ಮಾತ್ರ ಉಂಟು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಶ್ರೀರಂಗಪಟ್ಟಣದ ದರ್ಬಾರಿನಲ್ಲಿ ಬೆಲೆಯುಳ್ಳ ಪರಭಾಷೆ ಪಾರಸಿ. ಹೈದರಾಲಿಗೆ ಓದುಬರಹ ಬರುತ್ತಿರಲಿಲ್ಲ. ಆದರೆ ಹಲವು ಭಾಷೆಗಳಲ್ಲಿ ಮಾತನಾಡಬಲ್ಲವನಾಗಿದ್ದ. ಅವನ ಮಗನಾದ ಟಿಪ್ಪುವು ಪಾರಸಿಯಲ್ಲಿ ಓದಿ ಬರೆಯಬಲ್ಲವನಾಗಿ, ಆಡಳಿತದಲ್ಲಿಯೂ ಅದಕ್ಕೆ ಮೇಲಿನ ಸ್ಥಾನವನ್ನು ಕೊಟ್ಟ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಲೆಕ್ಕ ಬರೆಯುತ್ತಿದ್ದವರ ನಡುವೆ ಪಾರಸಿ ಬಲ್ಲವನಿಗೆ ಮನ್ನಣೆ ಹೆಚ್ಚಿತು. ಆ ಕಾಲ ಹೋಗಿ ಎರಡು ಶತಮಾನಗಳು ದಾಟಿದವು. ಇಂದು ಮಂಡ್ಯದಲ್ಲಾಗಲಿ ಮದ್ದೂರಿನಲ್ಲಾಗಲಿ ಪಾರಸಿಯಲ್ಲಿ ಒಂದು ಪತ್ರವನ್ನು ಬರೆಯಬಲ್ಲವರನ್ನು ಹುಡುಕುವುದು ಪ್ರಯಾಸ. ಆದರೆ ಅಲ್ಲಿಯ ಸರ್ಕಾರಿ ಕಟ್ಟಡವನ್ನು ಹೊಕ್ಕ ರೈತನ ಬಾಯಿಂದ ಹೊರಡುವ ಅರ್ಜಿ, ತಾಲ್ಲೂಕು, ಜಮೀನು, ವಕೀಲ, ಗುಮಾಸ್ತ, ಶಿರಸ್ತೇದಾರ, ಜಮಾಬಂದಿ ಎಂಬ ಮಾತುಗಳೆಲ್ಲ ಆ ದಾರಿಯಲ್ಲಿ ಬಂದವುಗಳೇ. ರೈತನೆಂಬ ಹೆಸರೂ, ಸರ್ಕಾರವೆಂಬ ಹೆಸರೂ ಅಂಥವೇ. ಭಾಷೆಯನ್ನು ನಾವು ಮರೆತೆವು. ಭಾಷೆ ನಮ್ಮನ್ನು ಬಿಡಲಿಲ್ಲ.

ಇಂತಹ ಎರವಲು ಮಾತುಗಳನ್ನು ಗುರುತಿಸಿ ಕೋಶಕ್ಕೆ ಸೇರಿಸಿದವರಲ್ಲಿ ಜಿ. ವೆಂಕಟಸುಬ್ಬಯ್ಯನವರ ಹೆಸರನ್ನು ಇಲ್ಲಿ ಸ್ಮರಿಸುವುದು ಉಚಿತ. ಅವರು ೧೯೧೩ರಲ್ಲಿ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಜನಿಸಿ, ನೂರೇಳು ವರ್ಷಗಳ ತುಂಬುಬಾಳನ್ನು ಬಾಳಿ ೨೦೨೧ರಲ್ಲಿ ಕಾಲವಾದರು. ನಿಘಂಟಿನ ಕೆಲಸ ಮಾಡುವವನಿಗೆ ಮಾತ್ರ ಗೊತ್ತು, ಒಂದು ಭಾಷೆ ಇನ್ನೊಂದರೊಳಕ್ಕೆ ಇಳಿಯಲು ಎಷ್ಟು ಕಾಲ ಬೇಕು, ಇಳಿದದ್ದು ಎಷ್ಟು ಕಾಲ ಉಳಿಯುತ್ತದೆ ಎಂಬುದು.

ಪಾರಸಿಯನ್ನು ಆರಿಸಿಕೊಂಡದ್ದು ತಪ್ಪೆನ್ನಲಾಗದು. ಅಂದಿನ ಹಿಂದೂಸ್ಥಾನದ ರಾಜ್ಯಗಳಿಗೆಲ್ಲ ಅದು ಪತ್ರವ್ಯವಹಾರದ ಭಾಷೆ. ಆದರೆ ಪಾರಸಿಯ ಎಲ್ಲೆಯ ಆಚೆಗೆ ಕೈಚಾಚಬೇಕಾಗಿ ಬಂದಾಗ ಏನಾಯಿತು? ೧೭೮೭ರಲ್ಲಿ ಟಿಪ್ಪುವಿನ ಮೂವರು ರಾಯಭಾರಿಗಳು ಪುದುಚೇರಿಯಲ್ಲಿ ಹಡಗನ್ನೇರಿ ಫ್ರಾನ್ಸಿಗೆ ಹೊರಟರು. ಮುಂದಿನ ವರ್ಷದ ಆಗಸ್ಟಿನಲ್ಲಿ ವರ್ಸೇಲ್ಸಿನ ಅರಮನೆಯಲ್ಲಿ ಹದಿನಾರನೆಯ ಲೂಯಿಯ ಎದುರಿಗೆ ನಿಂತರು. ಇಷ್ಟು ದೂರ ಹೋಗಿ ಹೇಳಬೇಕಾದ ಮಾತನ್ನು ಅವರು ದುಭಾಷಿಯ ಬಾಯಿಂದಲೇ ಹೇಳಿಸಬೇಕಾಯಿತು. ಉತ್ತರವನ್ನೂ ದುಭಾಷಿಯ ಬಾಯಿಂದಲೇ ಕೇಳಬೇಕಾಯಿತು. ಕೇಳಿದ್ದು ಸೈನ್ಯದ ನೆರವು. ದೊರೆತದ್ದು ಕೆಲವು ಕುಶಲಕರ್ಮಿಗಳೂ ತೋಟಗಾರರೂ ಬೀಜಗಳೂ. ಫ್ರಾನ್ಸಿನ ಬೊಕ್ಕಸವೇ ಬರಿದಾಗಿದ್ದ ಆ ವೇಳೆಯಲ್ಲಿ ಫ್ರೆಂಚು ಬಲ್ಲ ರಾಯಭಾರಿಯು ಹೋಗಿದ್ದರೂ ಸೈನ್ಯ ದೊರೆಯುತ್ತಿತ್ತೆಂದು ನಾವು ಹೇಳಲಾರೆವು. ಆದರೆ ಅಲ್ಲಿಯ ಬೀದಿಯ ಮಾತನ್ನು ಕಿವಿಯಿಂದ ಕೇಳಬಲ್ಲವನೊಬ್ಬನಿದ್ದರೆ, ಮುಂದಿನ ವರ್ಷವೇ ಸಿಂಹಾಸನವನ್ನು ನಡುಗಿಸಲಿದ್ದ ಕ್ರಾಂತಿಯ ಕಾವು ಅವನಿಗೆ ತಟ್ಟದೆ ಇರುತ್ತಿತ್ತೆ? ದುಭಾಷಿಯು ಆಡಿದ ಮಾತನ್ನು ತಂದುಕೊಡಬಲ್ಲ. ಆಡದೆ ಉಳಿದದ್ದನ್ನು ತಂದುಕೊಡಲಾರ.

ಎದುರು ಪಕ್ಷದವರು ಈ ವಿಷಯದಲ್ಲಿ ಎಚ್ಚರವಾಗಿದ್ದರು. ಕಂಪೆನಿಯ ಅಧಿಕಾರಿಗಳಲ್ಲಿ ಪಾರಸಿ ಕಲಿತವರು ಸಾಕಷ್ಟು ಮಂದಿ ಇದ್ದರು. ೧೭೯೯ರ ಮಾರ್ಚಿ ೨೭ರಂದು ಮಳವಳ್ಳಿಯ ಬಯಲಿನಲ್ಲಿ ನಡೆದ ಯುದ್ಧದಲ್ಲಿ ಮೈಸೂರಿನ ಸೈನ್ಯ ಹಿಂದೆಗೆಯಿತು; ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಿತು. ಅರಮನೆಯ ಪುಸ್ತಕಭಂಡಾರದಲ್ಲಿದ್ದ ಸುಮಾರು ಎರಡು ಸಾವಿರ ಹಸ್ತಪ್ರತಿಗಳು ಗೆದ್ದವರ ಕೈಸೇರಿದವು. ೧೮೦೯ರಲ್ಲಿ ಚಾರ್ಲ್ಸ್ ಸ್ಟೂಅರ್ಟನು ಅವುಗಳ ವಿವರಪಟ್ಟಿಯನ್ನು ಅಚ್ಚು ಹಾಕಿಸಿದನು; ೧೮೧೧ರಲ್ಲಿ ಕರ್ಕ್‌ಪ್ಯಾಟ್ರಿಕ್ಕನು ಟಿಪ್ಪುವಿನ ಪಾರಸಿ ಪತ್ರಗಳನ್ನು ಇಂಗ್ಲಿಷಿಗೆ ತಿರುಗಿಸಿ ಪ್ರಕಟಿಸಿದನು. ಸೋತವನ ಗುಟ್ಟಿನ ಕಾಗದಗಳನ್ನು ಗೆದ್ದವರು ದುಭಾಷಿಯ ಹಂಗಿಲ್ಲದೆ ಓದಿದರು.

ಇಲ್ಲಿ ಒಂದು ತಾರೀಖನ್ನು ನಾವು ಗಮನಿಸಬೇಕು. ಕಂಪೆನಿಯ ಎಳೆಯ ಅಧಿಕಾರಿಗಳಿಗೆ ಈ ದೇಶದ ಭಾಷೆಗಳನ್ನು ಕಲಿಸಲೆಂದು ಗವರ್ನರ್ ಜನರಲ್ ವೆಲ್ಲೆಸ್ಲಿಯು ೧೮೦೦ರಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜನ್ನು ಸ್ಥಾಪಿಸಿದನು. ಆ ಕಾಲೇಜಿನ ಸ್ಥಾಪನೆಯ ನಿಬಂಧನೆಗೆ ಅವನು ಹಾಕಿಸಿದ ದಿನಾಂಕ ಮೇ ೪. ಎಂದರೆ ಶ್ರೀರಂಗಪಟ್ಟಣ ಬಿದ್ದ ಮೊದಲನೆಯ ವರ್ಷಾಬ್ದಿ. ವ್ಯಾಕರಣ ಕಲಿಸುವ ಶಾಲೆಗೆ ಕೋಟೆಯನ್ನು ಗೆದ್ದ ದಿನವನ್ನೇ ಜನ್ಮದಿನವಾಗಿ ಇಟ್ಟದ್ದು ಬರಿಯ ಅಲಂಕಾರವಲ್ಲ. ಗೆದ್ದ ದೇಶವನ್ನು ಉಳಿಸಿಕೊಳ್ಳಬೇಕಾದರೆ ಅದರ ಮಾತು ಬೇಕೆಂಬುದನ್ನು ಅವನು ತಿಳಿದಿದ್ದ. ಅಲ್ಲಿ ಗೊತ್ತುಮಾಡಿದ ವ್ಯಾಸಂಗದ ಅವಧಿ ಮೂರು ವರ್ಷ. ಪರಭಾಷೆಗೆ ಎಷ್ಟು ಕಾಲವೆಂಬ ಪ್ರಶ್ನೆಗೆ ರಾಜ್ಯವೊಂದು ಲೆಕ್ಕಹಾಕಿ ಕೊಟ್ಟ ಉತ್ತರವಿದು.

ಅದೇ ೧೮೦೦ರಲ್ಲಿ ಡಾಕ್ಟರ್ ಫ್ರಾನ್ಸಿಸ್ ಬುಕನನನು ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟು, ಬೆಂಗಳೂರಿನ ಮೇಲೆ ಮದ್ದೂರು, ಮಂಡ್ಯಗಳ ದಾರಿಯಾಗಿ ಶ್ರೀರಂಗಪಟ್ಟಣಕ್ಕೆ ಬಂದನು. ಮಣ್ಣು, ಕೆರೆ, ಬೆಳೆ, ಆಲೆಮನೆ, ಮಗ್ಗ, ಕೂಲಿ ಎಲ್ಲವನ್ನೂ ವಿಚಾರಿಸಿ ಬರೆದುಕೊಂಡನು. ೧೮೦೭ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದ ಮೂರು ಸಂಪುಟಗಳನ್ನು ನಮ್ಮ ಚರಿತ್ರಕಾರರು ಇಂದಿಗೂ ಬಿಡಲಾರರು. ಆದರೆ ಅವನಿಗೆ ಕನ್ನಡ ಬರುತ್ತಿರಲಿಲ್ಲ. ರೈತನ ಮಾತು ದುಭಾಷಿಯನ್ನು ದಾಟಿ ಅವನ ಪುಸ್ತಕಕ್ಕೆ ಬರಬೇಕಾಗಿತ್ತು. ಅಳೆಯಬಹುದಾದದ್ದನ್ನು ಅವನು ಚೆನ್ನಾಗಿ ಅಳೆದ; ರೈತನು ತನ್ನ ಮನೆಯಲ್ಲಿ ಏನು ಮಾತನಾಡಿಕೊಳ್ಳುತ್ತಿದ್ದನೆಂಬುದು ಅವನ ಪುಸ್ತಕದಲ್ಲಿಲ್ಲ.

ಆ ಮಾತನ್ನು ಕೇಳಲು ಕಿವಿಗೊಟ್ಟವನು ಇನ್ನೊಬ್ಬನಿದ್ದ. ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ೧೭೯೨ರಲ್ಲಿ ತನ್ನ ದೇಶವನ್ನು ಬಿಟ್ಟು ಬಂದವನು. ಶ್ರೀರಂಗಪಟ್ಟಣದ ಪತನಾನಂತರ ಅಲ್ಲಿಯ ಕ್ರೈಸ್ತರ ಕಾರ್ಯಕ್ಕಾಗಿ ಮೈಸೂರು ಸೀಮೆಗೆ ಬಂದು, ಗಂಜಾಮಿನಲ್ಲಿಯೂ ಪಾಲಹಳ್ಳಿಯ ಸುತ್ತಿನಲ್ಲಿಯೂ ಬಹುಕಾಲ ಇದ್ದನು. ಈ ದೇಶದ ಉಡುಪನ್ನುಟ್ಟು, ಈ ದೇಶದ ಊಟವನ್ನುಂಡು, ಜನರ ಭಾಷೆಯಲ್ಲಿಯೇ ಜನರೊಡನೆ ವ್ಯವಹರಿಸಿ, ೧೮೨೩ರಲ್ಲಿ ಹಿಂದಿರುಗಿದನು. ಮೂವತ್ತೊಂದು ವರ್ಷ! ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವನ ಹಸ್ತಪ್ರತಿಯನ್ನು ಕಂಪೆನಿಯವರು ಎರಡು ಸಾವಿರ ವರಾಹಕ್ಕೆ ಕೊಂಡರು. ೧೮೧೬ರಲ್ಲಿ ಅದರ ಇಂಗ್ಲಿಷ್ ಅನುವಾದ ಹೊರಬಂದಿತು. ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅವನ ಗ್ರಂಥದ ಬಹುಭಾಗವು ಅವನಿಗಿಂತ ಹಿಂದಿನ ಜೆಸ್ವಿತ್ ಪಾದ್ರಿ ಕೂರ್ದು ಎಂಬಾತನ ಬರಹವನ್ನು ಅವಲಂಬಿಸಿದೆಯೆಂಬುದನ್ನು ಇಪ್ಪತ್ತನೆಯ ಶತಮಾನದ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಭಾಷೆಯನ್ನು ಕಲಿತ ಮಾತ್ರಕ್ಕೆ ಪ್ರಾಮಾಣ್ಯವು ತಾನಾಗಿ ಬರುವುದಿಲ್ಲ. ನಾಲಗೆಯ ಶಿಕ್ಷಣ ಬೇರೆ, ಲೇಖನಿಯ ಶಿಕ್ಷಣ ಬೇರೆ.

ಕನ್ನಡಕ್ಕಾಗಿ ಇನ್ನೂ ಹೆಚ್ಚು ಕಾಲವನ್ನು ಕೊಟ್ಟವರೂ ಉಂಟು. ಜರ್ಮನಿಯ ಫೆರ್ಡಿನಾಂಡ್ ಕಿಟ್ಟೆಲನು ೧೮೫೩ರಲ್ಲಿ ಈ ದೇಶಕ್ಕೆ ಬಂದನು, ಅವನ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು ೧೮೯೪ರಲ್ಲಿ, ವ್ಯಾಕರಣವು ೧೯೦೩ರಲ್ಲಿ. ಮೊದಲ ಅಕ್ಷರದಿಂದ ನಿಘಂಟಿನವರೆಗೆ ನಾಲ್ವತ್ತೊಂದು ವರ್ಷಗಳ ದಾರಿ. ಹೀಗೆ ಒಂದೇ ಭಾಷೆಗೆ ಮೂರು ಅವಧಿಗಳು ನಮ್ಮ ಮುಂದಿವೆ: ಅಧಿಕಾರಿಗೆ ಮೂರು ವರ್ಷ, ಪಾದ್ರಿಗೆ ಮೂವತ್ತು, ನಿಘಂಟುಕಾರನಿಗೆ ನಾಲ್ವತ್ತು. ಎಷ್ಟು ಕಾಲ ಬೇಕೆಂದು ಕೇಳುವವರನ್ನು ನಾವು ತಿರುಗಿ ಕೇಳಬೇಕಾದದ್ದು, ಯಾವ ಕೆಲಸಕ್ಕೆ ಎಂದು.

ಈಗ ನಮ್ಮವರ ಕಡೆಗೆ ಬರೋಣ. ೧೮೩೩ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಇಂಗ್ಲಿಷ್ ಶಾಲೆಯನ್ನು ತೆರೆದರು. ಅದೇ ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆಯಿತು. ನಾಲ್ಕು ವರ್ಷಗಳ ತರುವಾಯ, ೧೮೩೭ರಲ್ಲಿ, ಕಂಪೆನಿಯವರು ಪಾರಸಿಯನ್ನು ತಮ್ಮ ಕೋರ್ಟು ಕಚೇರಿಗಳಿಂದ ತೆಗೆದುಹಾಕಲು ಕಾಯಿದೆ ಮಾಡಿದರು. ಮಕ್ಕಳಿಗೆ ಪಾರಸಿ ಕಲಿಸಿ ಉದ್ಯೋಗದ ಆಸೆ ಇಟ್ಟುಕೊಂಡಿದ್ದ ಕುಟುಂಬಗಳಿಗೆ ಎಂಥ ಆಘಾತವಾಗಿರಬೇಕೆಂಬುದನ್ನು ನಾವು ಊಹಿಸಬಹುದು. ಅಧಿಕಾರವನ್ನು ನಂಬಿ ಆರಿಸಿದ ಭಾಷೆಗೆ ಇದೊಂದು ಅಪಾಯ: ಅಧಿಕಾರದ ಆಯುಸ್ಸೇ ಅದರ ಆಯುಸ್ಸು.

ಇಂಗ್ಲಿಷನ್ನೂ ನಮ್ಮವರು ಮೊದಲು ಆರಿಸಿದ್ದು ಉದ್ಯೋಗಕ್ಕಾಗಿಯೇ. ಅದರ ಉಪಯೋಗವು ಬೇಗನೆ ಕಂಡಿತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ೧೯೦೨ರಲ್ಲಿ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದಾಗ, ಅಲ್ಲಿಯ ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನವು, ವಿದ್ಯುದ್ಯಂತ್ರಗಳು ಅಮೆರಿಕದವು. ಆದರೂ ಮೈಸೂರಿನವರಿಗೆ ಇಂಗ್ಲಿಷೊಂದೇ ಎರಡು ದೇಶಗಳ ಬಾಗಿಲನ್ನೂ ತೆರೆಯಿತು. ಹಾಗೆಂದು ಅದೊಂದೇ ಎಲ್ಲ ಬಾಗಿಲುಗಳಿಗೂ ಬೀಗದ ಕೈಯಾಗಿರಲಿಲ್ಲ. ಮೈಸೂರಿನ ಕೃಷಿ ಇಲಾಖೆಯನ್ನು ಕಟ್ಟಿ, ೧೯೩೩ರಲ್ಲಿ ಸ್ಥಾಪಿತವಾದ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಾರಣಕರ್ತರಲ್ಲಿ ಒಬ್ಬರಾದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಕೆನಡಾ ದೇಶದವರು, ತಾಯ್ನುಡಿ ಇಂಗ್ಲಿಷು. ಅಂಥವರೂ ಡಾಕ್ಟರ್ ಪದವಿಗಾಗಿ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಆ ಕಾಲದಲ್ಲಿ ವಿಜ್ಞಾನದ ಒಂದು ದೊಡ್ಡ ಭಾಗವು ಜರ್ಮನ್ ಭಾಷೆಯಲ್ಲಿಯೇ ಇತ್ತು. ಮಂಡ್ಯದ ಕಬ್ಬಿನ ಸಿಹಿಯಲ್ಲಿ ಜರ್ಮನ್ ವ್ಯಾಸಂಗದ ಒಂದು ಹನಿಯೂ ಸೇರಿದೆಯೆಂದರೆ ಅತಿಶಯೋಕ್ತಿಯಲ್ಲ.

ಆದರೆ ಇಂಗ್ಲಿಷ್ ಕಲಿಕೆಯ ಹೆಚ್ಚಿನ ಫಲವು ಉದ್ಯೋಗದಲ್ಲಿ ಕಾಣಲಿಲ್ಲ, ಕಾವ್ಯದಲ್ಲಿ ಕಂಡಿತು. ನಾಗಮಂಗಲ ತಾಲ್ಲೂಕಿನ ಬೆಳ್ಳೂರನ್ನು ತಮ್ಮ ಹೆಸರಿನಲ್ಲಿ ಧರಿಸಿದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು, ೧೯೨೬ರಲ್ಲಿ 'ಇಂಗ್ಲಿಷ್ ಗೀತಗಳು' ಎಂಬ ಸಂಕಲನದಿಂದ ಕನ್ನಡ ಕವಿತೆಗೆ ಹೊಸ ದಾರಿಯನ್ನು ತೋರಿದರು. ಅಕ್ಕಿಹೆಬ್ಬಾಳಿನ ಎ. ಎನ್. ಮೂರ್ತಿರಾಯರು ಇಂಗ್ಲಿಷ್ ಪ್ರಬಂಧದ ಹದವನ್ನರಿತು ಕನ್ನಡಕ್ಕೆ ಅದನ್ನು ಒಗ್ಗಿಸಿದರು. ೧೮೩೩ರ ಶಾಲೆಯಿಂದ ೧೯೨೬ರ ಗೀತಗಳವರೆಗೆ ತೊಂಬತ್ತಮೂರು ವರ್ಷ. ಒಬ್ಬ ಮನುಷ್ಯನು ಪರಭಾಷೆಯನ್ನು ಕಲಿಯಲು ಕೆಲವು ವರ್ಷ ಸಾಕು. ಒಂದು ಜನವು ಅದನ್ನು ಅರಗಿಸಿಕೊಂಡು ತನ್ನದೇ ರಕ್ತವಾಗಿ ಮಾಡಿಕೊಳ್ಳಲು ಮೂರು ತಲೆಮಾರುಗಳು ಹಿಡಿದವು.

ಇನ್ನು ಈ ಹೊತ್ತಿನ ಲೆಕ್ಕ. ಅಮೆರಿಕದ ವಿದೇಶಾಂಗ ಇಲಾಖೆಯು ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸುವ ಶಾಲೆಯೊಂದನ್ನು ನಡೆಸುತ್ತ, ದೀರ್ಘಾನುಭವದಿಂದ ಒಂದು ಅಂದಾಜನ್ನು ಕೊಟ್ಟಿದೆ. ಉದ್ಯೋಗಕ್ಕೆ ಸಾಕಾಗುವಷ್ಟು ಬಳಕೆ ಬರಲು ಫ್ರೆಂಚಿಗೆ ಸುಮಾರು ೭೫೦ ಗಂಟೆಗಳ ಪಾಠ, ಜರ್ಮನಿಗೆ ೯೦೦, ಪಾರಸಿ, ರಷ್ಯನ್, ಹಿಂದಿ, ತಮಿಳುಗಳಿಗೆ ೧,೧೦೦, ಅರಬ್ಬಿ, ಚೀನಿ, ಜಪಾನಿ, ಕೊರಿಯಾ ಭಾಷೆಗಳಿಗೆ ೨,೨೦೦. ಮನೆಯಲ್ಲಿ ಮಾಡುವ ಅಭ್ಯಾಸ ಇದಕ್ಕೆ ಹೊರತು. ದಿನಕ್ಕೊಂದು ಗಂಟೆಯಂತೆ ವಾರಕ್ಕೆ ಆರು ದಿನ ಕುಳಿತರೆ ವರ್ಷಕ್ಕೆ ಸುಮಾರು ೩೦೦ ಗಂಟೆಗಳಾಗುತ್ತವೆ. ಆ ಲೆಕ್ಕದಲ್ಲಿ ಫ್ರೆಂಚಿಗೆ ಎರಡೂವರೆ ವರ್ಷ, ಜರ್ಮನಿಗೆ ಮೂರು, ಪಾರಸಿಗೆ ನಾಲ್ಕಕ್ಕೆ ಸ್ವಲ್ಪ ಕಡಿಮೆ, ಜಪಾನಿಗೆ ಏಳಕ್ಕೆ ಮೇಲೆ. ಮೂರು ತಿಂಗಳಲ್ಲಿ ಪಾಂಡಿತ್ಯವೆಂದು ಸಾರುವ ಜಾಹೀರಾತುಗಳನ್ನು ಈ ತಕ್ಕಡಿಯಲ್ಲಿಟ್ಟು ತೂಗಬಹುದು.

ಆದರೆ ಈ ಅಂಕಿಗಳು ಇಂಗ್ಲಿಷನ್ನು ತಾಯ್ನುಡಿಯಾಗಿ ಉಳ್ಳವರಿಗೆ ಹೇಳಿದವು. ಕನ್ನಡಿಗನು ತನ್ನ ಲೆಕ್ಕವನ್ನು ತಾನೇ ತಿದ್ದಿಕೊಳ್ಳಬೇಕು. ತಮಿಳಿಗೆ ಅಮೆರಿಕದವನು ಪಡುವ ಶ್ರಮದ ಒಂದಂಶವೂ ಮಳವಳ್ಳಿಯವನಿಗೆ ಬೇಡ. ಜಪಾನಿ ಭಾಷೆಯನ್ನೇ ನೋಡೋಣ. 'ನಾನು ಮಂಡ್ಯದಿಂದ ಮದ್ದೂರಿಗೆ ಹೋದೆನು' ಎಂಬುದನ್ನು ಜಪಾನಿನವನು 'ವತಾಶಿ ವಾ ಮಂಡ್ಯ ಕಾರಾ ಮದ್ದೂರು ಎ ಇಕಿಮಾಶಿತಾ' ಎನ್ನುತ್ತಾನೆ. 'ಕಾರಾ' ಎಂಬುದು ನಮ್ಮ 'ಇಂದ'. 'ಎ' ಎಂಬುದು ನಮ್ಮ 'ಇಗೆ'. ಕ್ರಿಯಾಪದವು ಕೊನೆಯಲ್ಲಿ, ನಮ್ಮದರಂತೆಯೇ. ಅವರ ಅಕ್ಷರಮಾಲೆಯ ಸಾಲು ಕೂಡ ಬೌದ್ಧಧರ್ಮದೊಡನೆ ಹೋದ ಭಾರತೀಯ ವರ್ಣಕ್ರಮವನ್ನು ಅನುಸರಿಸಿದ್ದು. ಇಂಗ್ಲಿಷಿನವನು ತಲೆಕೆಳಗಾಗಿ ನಿಂತು ಕಲಿಯುವ ವಾಕ್ಯರಚನೆಯನ್ನು ಕನ್ನಡಿಗನು ಕುಳಿತಲ್ಲಿಯೇ ಹಿಡಿಯಬಲ್ಲ. ಆದರೆ ನಿತ್ಯಬಳಕೆಗೆಂದು ಅಲ್ಲಿಯ ಸರ್ಕಾರವು ೨೦೧೦ರಲ್ಲಿ ಗೊತ್ತುಮಾಡಿದ ೨,೧೩೬ ಚಿತ್ರಾಕ್ಷರಗಳು ಮಾತ್ರ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಫ್ರೆಂಚ್ ಜರ್ಮನ್‌ಗಳಲ್ಲಿ ಇದಕ್ಕೆ ವಿಪರೀತ: ಲಿಪಿಯೂ ಅನೇಕ ಶಬ್ದಗಳೂ ನಮಗೆ ಇಂಗ್ಲಿಷಿನ ದ್ವಾರಾ ಪರಿಚಿತ, ಮೇಜು ಗಂಡೋ ಹೆಣ್ಣೋ ಎಂಬಂಥ ಲಿಂಗಭೇದಗಳಲ್ಲಿ ಕನ್ನಡಿಗನಿಗೆ ಹೆಜ್ಜೆಹೆಜ್ಜೆಗೂ ಎಡವು.

ಹಾಗಾದರೆ ಯಾವುದನ್ನು ಆರಿಸಬೇಕು? ನಾವು ಇಲ್ಲಿಯವರೆಗೆ ಕೇಳಿದ ಸಾಕ್ಷಿಗಳು ಒಂದೊಂದು ಕಾರಣವನ್ನು ಹೇಳಿವೆ: ಅಧಿಕಾರ, ಅನ್ನ, ಅರಿವು, ಅಕ್ಕರೆ. ಅಧಿಕಾರವನ್ನು ನೋಡಿ ಆರಿಸಿದ ಪಾರಸಿಯು ಅಧಿಕಾರದೊಡನೆ ಹೋಯಿತು. ಅನ್ನಕ್ಕಾಗಿ ಆರಿಸುವುದು ನಿಂದ್ಯವಲ್ಲ. ಬೆಂಗಳೂರಿನ ಕಾರ್ಖಾನೆಗಳಲ್ಲಿಯೂ ಕಚೇರಿಗಳಲ್ಲಿಯೂ ಜರ್ಮನಿ, ಜಪಾನುಗಳ ವ್ಯವಹಾರ ನಡೆಯುತ್ತಿರುವಾಗ, ಮಂಡ್ಯದ ಯುವಕನು ಆ ಭಾಷೆಗಳ ಕಡೆಗೆ ನೋಡುವುದು ಸಹಜ. ಆದರೆ ಅನ್ನದ ಆಸೆಯು ಮೊದಲ ವರ್ಷದ ಉತ್ಸಾಹವನ್ನು ಕೊಡಬಲ್ಲುದೇ ಹೊರತು, ಪಾಠಗಳು ಬೇಸರವಾಗುವ ಎರಡನೆಯ ವರ್ಷವನ್ನು ದಾಟಿಸಲಾರದು. ದಾಟಿಸುವುದು ಅರಿವಿನ ಹಸಿವು ಅಥವಾ ಆ ಭಾಷೆಯ ಜನರ ಮೇಲಿನ ಅಕ್ಕರೆ. ಕಿಟ್ಟೆಲನ ನಿಘಂಟನ್ನು ಸಂಬಳವು ಬರೆಸಲಿಲ್ಲ.

ಆದುದರಿಂದ ಪರಭಾಷೆಯನ್ನು ಕಲಿಯಬಯಸುವವರು, ಆ ಭಾಷೆಯಲ್ಲಿ ತಾವು ಓದಲೇಬೇಕೆನ್ನುವ ಪುಸ್ತಕವೊಂದಿದೆಯೇ, ಮಾತನಾಡಲೇಬೇಕೆನ್ನುವ ಮನುಷ್ಯರಿದ್ದಾರೆಯೇ, ಮಾಡಲೇಬೇಕೆನ್ನುವ ಕೆಲಸವಿದೆಯೇ ಎಂದು ಮೊದಲು ವಿಚಾರಿಸಿಕೊಳ್ಳಲಿ. ಒಂದಾದರೂ ಇದ್ದರೆ ದಿನದ ಒಂದು ಗಂಟೆಯನ್ನು ಮೀಸಲಾಗಿಡಲಿ. ಮಂಡ್ಯದಿಂದ ಬೆಂಗಳೂರಿಗೆ ರೈಲಿನಲ್ಲಿ ನಿತ್ಯ ಹೋಗಿಬರುವ ಸಾವಿರಾರು ಮಂದಿಗೆ ಆ ಗಂಟೆಯು ಕಿಟಕಿಯ ಪಕ್ಕದಲ್ಲಿಯೇ ಕಾದಿದೆ. ಮದ್ದೂರಿನಲ್ಲಿ ವಡೆಯನ್ನು ಕೊಂಡು ಮುಗಿಸಿದ ಮೇಲೂ ಸಾಕಷ್ಟು ಉಳಿಯುತ್ತದೆ. ನಾಲ್ಕು ಭಾಷೆಗಳ ಮೊದಲನೆಯ ಪಾಠವನ್ನು ನಾಲ್ಕು ಸಲ ಓದುವುದಕ್ಕಿಂತ ಒಂದು ಭಾಷೆಯ ನಾಲ್ಕನೆಯ ವರ್ಷವನ್ನು ಮುಟ್ಟುವುದು ಮೇಲು. ಮತ್ತು ಕಲಿತದ್ದರಲ್ಲಿ ಒಂದಂಶವನ್ನಾದರೂ, ಒಂದು ಕಥೆಯಾಗಲಿ, ಒಂದು ಕೈಗಾರಿಕೆಯ ಮರ್ಮವಾಗಲಿ, ಕನ್ನಡಕ್ಕೆ ತಂದುಕೊಡಲಿ. ವರ್ಸೇಲ್ಸಿನ ಅರಮನೆಯಲ್ಲಿ ದುಭಾಷಿಯ ಮುಖವನ್ನೇ ನೋಡುತ್ತ ನಿಂತ ಆ ಮೂವರು ರಾಯಭಾರಿಗಳ ಸ್ಥಿತಿಯು ನಮ್ಮ ಮುಂದಿನವರಿಗೆ ಬರಬಾರದೆಂದಿದ್ದರೆ, ಎರಡು ಮೂರು ವರ್ಷಗಳು ದುಬಾರಿಯಾದ ಬೆಲೆಯೇನಲ್ಲ.